ಮಧ್ಯಾಹ್ನದ ಗಿರಾಕಿ

ಹನ್ನೊಂದಕ್ಕ ಜ್ವಾಳದ ಗಿರಾಕಿ ಮುಗೀತಾರ.
ಆಮ್ಯಾಲ ನಾಕರ ತನಕ ಶಹಾಬಜಾರದಾಗ
ನಾಯಿನೂ ನೆರಳು ಬಿಟ್ಟು ಬರಂಗಿಲ್ಲ.
ಮಾಳಿಗಿ ಮ್ಯಾಲ ಆರು ಸೋಲಾರ್ ಪ್ಲೇಟು ಮಾತ್ರ
ಮೈ ಚಾಚಿ ಬಿಸಿಲು ಕುಡೀತಾವ,
ಕುಡದದ್ದು ಯಾರಿಗೂ ಬ್ಯಾಡಾಗಿ ಅಲ್ಲೇ ಆರಿ ಹೋಗ್ತದ.
ಗಿರಣಿ ಬಾಯಿ ತೆರಕೊಂಡು ಕುಂತದ, ಹಾಕ್ಲಾಕ ಕಾಳಿಲ್ಲ.
ನಂಗ ಹೊಟ್ಟಿಉರಿ ಅದೊಂದೇ.

"ಬಿಸಿಲು ಬೀಸೋ ಮಷೀನ್ ಅದಾವ ಮೌಶಿ" ಅಂದ್ಲು ಅಫ್ಸಾನಾ,
ಬಾಜು ಮನಿ ಹುಡುಗಿ, ಪಾಲಿಟೆಕ್ನಿಕ್ ಎರಡನೇ ವರ್ಷ.
"ಕಾಳು ಬ್ಯಾಡ, ಚೀಲ ಬ್ಯಾಡ, ಲೆಕ್ಕ ಬೀಸ್ತಾವ.
ದುನಿಯಾದ ಮಷೀನೆಲ್ಲಾ ಕೂಡಿ
ಒಂದೇ ಬೀಗಕ್ಕ ಕೀಲಿ ಹುಡುಕ್ತಾವ. ಸಿಕ್ಕರ ನಾಣ್ಯ."
ಸಿಗದಿದ್ರ?
"ಗುಂಪಿನಾಗ ಇದ್ರ ಪಾಲು ಬರ್ತದ. ಚಿಲ್ಲರ."

ನೆಹರು ಗಂಜ್, ದಾಲ್ ಮಿಲ್ಲಿನ ಹಿಂದಿನ ಗೋದಾಮು.
ಮಡಿವಾಳಯ್ಯ ಸೇಠರ ಅಳಿಯ ಮೂವತ್ತು ಇಟ್ಟಿದ್ದನಂತ,
ಕರೆಂಟ್ ಬಿಲ್ ಬಂದ ದಿನ ಮೂವತ್ತೂ ಸುಮ್ಮನಾದವು.
ಈಗ ಗೋಣಿತಾಟಿನ ಮ್ಯಾಲ ಸಾಲಾಗಿ,
ಸಂತ್ಯಾಗ ಹಲ್ಲು ತೋರಸ್ಲಾಕ ನಿಂತ ಎತ್ತಿನಂಗ.

"ಇದು ಹೊಸದು, ನಲವತ್ತು ಸಾವಿರ.
ಕಡಿಮಿ ತಿಂದು ಜಾಸ್ತಿ ಬೀಸ್ತದ.
ಅವು ಹಳೇವು, ಮೂರು ಮೂರು ಸಾವಿರ, ಹೊಟ್ಟಿಬಾಕ."
ಅಳಿಯ ಹೊಸದರ ಬೆನ್ನು ಸವರಿದ.
ತಮ್ಮಾ, ಅಂದೆ,
ರೊಕ್ಕ ಕೊಟ್ಟು ಉಣಿಸೋರಿಗೆ ಕಡಿಮಿ ತಿನ್ನೋದು ಬೇಕು.
ನನ್ನ ಮನ್ಯಾಗ ಕೂಳು ಪುಕಟ, ಅದೂ ದಿನಾ ಐದೇ ತಾಸು.
ಐದು ತಾಸಿನ ಕೂಲಿಗಿ ನಲವತ್ತು ಸಾವಿರದ ಆಳು!
ಅಸಲು ಮುಟ್ಟೋದ್ಯಾವಾಗ, ನಾ ಮಣ್ಣಾಗೋದ್ಯಾವಾಗ?

"ಹಳೇವೂ ಭಾಳ ಓಡಿಲ್ಲ" ಅಂತ ಆಣಿ ಮಾಡಿದ.
ಒಂದರ ಫ್ಯಾನ್ ಬಿಚ್ಚಿಸಿದೆ.
ಅಲ್ಯುಮಿನಿಯಂ ಹಲ್ಲಿನ ಸಂದ್ಯಾಗ ತೊಗರಿ ಹೊಟ್ಟು,
ಎರಡು ಸುಗ್ಗಿದ್ದು: ತಳದ ಪದರು ಕರ್ರಗ,
ಮ್ಯಾಲಿಂದು ಇನ್ನೂ ಕೆಂಪ.
ಹೊಟ್ಟಿಗೆ ಸುಳ್ಳು ಹೇಳ್ಲಾಕ ಬರಂಗಿಲ್ಲ.

ಇನ್ನೊಂದು ಮೂಸಿದೆ. ಸುಟ್ಟ ವಾರ್ನಿಷ್.
ಮತ್ತೊಂದರ ಮೂರು ಪಾಟಿಯೊಳಗ ಒಂದು ಸತ್ತದ,
ಅಫ್ಸಾನಾ ಮೀಟರ್ ಹಚ್ಚಿ ತಲಿ ಅಲ್ಲಾಡಿಸಿದ್ಲು.
ಐದನೇದ್ದು ಚಾಲೂ ಮಾಡಿದ್ರ
ಯಪ್ಪಾ, ಏನು ಕೂಗು!
ಅಳಿಯ ಕಿವಿ ಮುಚ್ಚಿದ, ಹುಡುಗಿ ಹಿಂದ ಸರದ್ಲು.
ನಾನು ಇಪ್ಪತ್ತಾರು ವರ್ಷ ಕಲ್ಲಿನ ಬಾಜೂಕ ನಿಂತಾಕಿ,
ಕೂಗು ಬ್ಯಾರೆ, ಅಳು ಬ್ಯಾರೆ.
ಬೇರಿಂಗ್ ಸವದದ್ದು ಕೂಗಿನ ತಳದಾಗ ಸಣ್ಣಗ ಅಳ್ತದ.
ಇದು ಅಳವಲ್ದು.
ಎರಡು ಸಾವಿರದ ಆರನೂರಕ್ಕ ಮುರೀತು,
ಪವರ್ ಡಬ್ಬಿ ಸೇರಿ. ವಾಪಸ್ ಇಲ್ಲ.

ಈ ಊರ ಬಿಸಿಲಿನ ಗುಣ:
ಮಾಳಿಗಿ ಮ್ಯಾಲ ಕೊಡ್ತದ, ಮನಿ ಒಳಗ ಕಸಗೊಳ್ತದ.
ಮೊದಲ ದಿನ ಒಂದಕ್ಕ ಮಷೀನಿಗಿ ಜ್ವರ, ತಾನೇ ಮಲಗಿತು.
ಶಹಾಬಾದ ಫರ್ಸಿ ಮೆಟ್ಟಲಿನ ಬುಡಕ್ಕ ಒಯ್ದು ಇಟ್ಟೆ.
ಅಫ್ಸಾನಾ ಓಟ ಅರ್ಧಕ್ಕ ಇಳಿಸಿದ್ಲು.
ಈಗ ಕೂಗಂಗಿಲ್ಲ, ಗುಣುಗುಣು ಅಂತದ.
ಮೋಡ ಹಾದ್ರ ತಟ್ಟನೆ ಸುಮ್ಮನಾಗ್ತದ,
ಒಳಗ ಕುಂತೇ ಮುಗಿಲು ತಿಳೀತದ ನಂಗ.

ಮೊದಲ ವಾರ ನಲವತ್ತಮೂರು ರೂಪಾಯಿ.
ಅದೂ ಫೋನಿನ ಪರದ್ಯಾಗ,
ಕೈಗಿ ಹಿಟ್ಟು ಹತ್ತಲಾರದ ಗಳಿಕಿ.
ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡೆ.

ನಾಕಕ್ಕ ನೀಲವ್ವ ಬಂದ್ಲು, ಬುಟ್ಟಿ ಇಳಿಸಿ
ಯಾವತ್ತಿನಂಗ ಕೇಳಿದ್ಲು:
"ಮಹಾನಂದಾ, ನನ್ನಕಿಂತ ಮದ್ಲ ಏನು ಬೀಸಿದಿ?"
ಬಿಸಿಲು, ಅಂದೆ.
ಗಿರಣಿ ಬಾಯಾಗ ಬೆರಳು ಆಡಿಸಿ ನೋಡಿದ್ಲು.
"ಖಾರ ಅಲ್ಲಲ? ಹಾಕು."