ಕಾಲು ಪಾಲು

ಸಾವಿರದೆಂಟುನೂರ ನಲವತ್ತು ಮಂದಿಯ ನೆತ್ತರು
ಈಗ ಗೋಣಿಕೊಪ್ಪದ ಮೆಡಿಕಲ್ ಶಾಪಿನ ಮಹಡಿಯಲ್ಲಿ
ಬರೀ ನಾಲ್ಕಕ್ಷರ.
ಎ, ಸಿ, ಜಿ, ಟಿ. ಮತ್ತೆ ಅದೇ, ಮತ್ತೆ ಅದೇ.
ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿದೆ.
ಹೂಮಳೆ ತಪ್ಪಿದ ಮಾರ್ಚು; ಆಚೆ ತೋಟದಲ್ಲಿ
ಸ್ಪ್ರಿಂಕ್ಲರು ಚಿಟಚಿಟ ತಿರುಗಿ
ಪಂಪು ಇದ್ದವರ ಕಾಫಿ ಮಾತ್ರ ಹೂಬಿಟ್ಟಿದೆ.

ಸಕ್ಕರೆ ಕಾಯಿಲೆಗೆ ಒಬ್ಬ ಕಳ್ಳನಿಲ್ಲ.
ನಾನೂ ಮೊದಲು ಒಬ್ಬನನ್ನೇ ಹುಡುಕಿದ್ದೆ.
ಇರುವುದು ನಾನೂರು ಚಿಲ್ಲರೆ ಜಾಗ,
ಒಂದೊಂದೂ ತಕ್ಕಡಿಗೆ ಬಿದ್ದ
ಒಂದೊಂದು ಕರಿಮೆಣಸು.
ಸಿದ್ದಾಪುರದ ಲೈನ್‌ಮನೆಯಲ್ಲಿ ತೋಳು ಚಾಚಿದ ಚೋಮಿ ಕೇಳಿದ್ದಳು:
"ಅದ್ರ ಹೆಸ್ರೇನಮ್ಮಾ? ಒಂದ್ಸಲ ಬೈದಾದ್ರೂ ಬಿಡ್ತೀನಿ."
ಹೆಸರಿಲ್ಲ ಚೋಮಿ. ಅದೊಂದು ಸಂತೆ.

ಎಣಿಕೆಗೆ ಮುಂಚೆ ಪ್ರೋಗ್ರಾಮು ನೆಂಟಸ್ತನ ಸೋಸುತ್ತದೆ,
ಹತ್ತಿರದ ರಕ್ತ ಲೆಕ್ಕವನ್ನು ವಾಲಿಸುತ್ತದಂತೆ.
ಕೊಡಗಿನಲ್ಲಿ ನೆಂಟರಲ್ಲದವರು ಯಾರು, ಎಂದು ನಗುತ್ತ ಕೂತಿದ್ದೆ.
ಅಣ್ಣತಮ್ಮಂದಿರು, ಸೋದರಮಾವನ ಮಕ್ಕಳು,
ಒಂದೇ ಒಕ್ಕದ ಹದಿಮೂರು ಜನ,
ಎಲ್ಲ ಫಾರಂನಲ್ಲಿ ಬರೆದಂತೆಯೇ.
ಆಮೇಲೆ ಬಂತು, ಬೆಳಗಿನ ಜಾವ:
೪೧೭ ಮತ್ತು ೧೧೦೨.
ಕಾಲು ಪಾಲು ಒಂದೇ.

ಹೆಸರು ನನಗೆ ಗೊತ್ತಿರಬಾರದು.
ಆದರೆ ೪೧೭ರ ದಿನ ಬಂಗಲೆಯ ಜಗಲಿಯಲ್ಲಿ
ನಮಗೆಲ್ಲ ಕಿತ್ತಳೆ ಕೊಟ್ಟು, ಬೆಕ್ಕನ್ನು ಮಡಿಲಿಗೆತ್ತಿಕೊಂಡು
ಸೂಜಿಯತ್ತ ನೋಡದೆ ಕೂತಿದ್ದರು ಅವರು.
೧೧೦೨ರ ದಿನ ಜೀಪು ಕೆಟ್ಟು ಐಸು ಕರಗಿತ್ತು.
ಇಬ್ಬರ ಕಿರುಬೆರಳೂ ಒಳಕ್ಕೆ ಬಾಗಿದೆ;
ನೋಡಿದ್ದೆ, ಜೋಡಿಸಿರಲಿಲ್ಲ.

ತಂದೆಯೊಬ್ಬನೇ ತಾಯಿ ಬೇರೆಯೋ, ಅಜ್ಜನ ಕಾಲದ್ದೋ,
ಅಂಕೆ ಬಾಯಿಬಿಡುವುದಿಲ್ಲ.
ಯಾವ ಪಹಣಿಯಲ್ಲೂ ಏರದ ಪಾಲು,
ಕಾರಣೋರಿಗೆ ಮೀದಿ ಇಡುವಾಗ
ಯಾರೂ ಕರೆಯದ ಪಾಲು.

ಜೋಡಿಯಲ್ಲಿ ಒಬ್ಬರನ್ನು ಅಳಿಸಬೇಕು. ನಿಯಮ ನನ್ನದಲ್ಲ:
ಖಾಲಿ ಹೆಚ್ಚಿರುವ ಸ್ಯಾಂಪಲ್ಲು ಹೊರಕ್ಕೆ.
ಬಂಗಲೆಯದು ಭರ್ತಿ. ಲೈನ್‌ಮನೆಯದು
ಐಸಿಲ್ಲದ ದಾರಿಯಲ್ಲಿ ಅಲ್ಲಲ್ಲಿ ತೂತುಬಿದ್ದಿದೆ.
ಅರವತ್ತು ವರ್ಷದ ಹಿಂದೆಯೂ
ಯಾರೋ ಇದೇ ನಿಯಮ ಓದಿರಬೇಕು.

ಕರ್ಸರು ಮಿಟುಕುತ್ತದೆ.
ಕೆಳಗೆ ಹಾಲಿನ ವ್ಯಾನು ಬಂದು ನಿಂತ ಸದ್ದು.
ಕೈ ತೆಗೆದು ಡೈರಿಯಲ್ಲಿ ಬರೆದುಕೊಂಡೆ:
ಬುಧವಾರ, ಸಿದ್ದಾಪುರ. ಇನ್ನೊಂದು ಟ್ಯೂಬು.
ಐಸು, ಎರಡು ಪಟ್ಟು.