ಮೂರು ಮಿಲಿಮೀಟರು

ಕೀರ್ತಿನಗರದ ಮರದ ಅಂಗಡಿಯೊಳಗೆ
ಚಪ್ಪಲಿ ಕಳಚಿ ನಡೆದವಳು ನಾನೊಬ್ಬಳೇ.
"ಹಾಗೇ ಬನ್ನಿ ಆಂಟಿ" ಅಂದ ಹಿತೇನ್, ಕಛ್ಛೀ ಹುಡುಗ.
ಇರಲಪ್ಪಾ, ಇವತ್ತು ವ್ಯಾಪಾರ ಮಾಡೋದು ಕಣ್ಣಲ್ಲ, ಇವು:
ಮೂವತ್ತೊಂದು ವರ್ಷ ಪಾಲಿಕೆ ಆಸ್ಪತ್ರೆಯಲ್ಲಿ
ಫಿನಾಯಿಲು ಒರೆಸಿದ ಶಹಾಬಾದಿ ಕಲ್ಲಿನ ಮೇಲೆ
ರಾತ್ರಿಪಾಳಿ ನಿಂತ ಹಿಮ್ಮಡಿ.
ಆ ಕಲ್ಲು ನಮ್ಮ ಕಡೆಯದೇ.
ವಾಡಿಯಿಂದ ಅದು ಗೂಡ್ಸಿನಲ್ಲಿ ಬಂತು,
ನಾನು ಪ್ಯಾಸೆಂಜರಿನಲ್ಲಿ.
ಇಬ್ಬರೂ ತಣ್ಣಗೇ ಉಳಿದೆವು.

ಥ್ರೇಸ್ಯಮ್ಮ ಬಾಗಿಲಲ್ಲೇ ಕುರ್ಚಿ ಕೇಳಿ ಕೂತಳು.
ಅವಳ ಎಡ ಮೊಣಕಾಲಿನಲ್ಲಿ ಈಗ ಸ್ಟೀಲಿದೆ.
ಇಬ್ಬರ ಪಿ.ಎಫ್. ಕೂಡಿಸಿ ಕೊಂಡ ಚೆಂಬೂರಿನ ಮನೆ,
ಮೊಸಾಯಿಕ್ಕಿನ ಅಂಚು ಅಲ್ಲಲ್ಲಿ ಎದ್ದಿದೆ.
ಎರಡು ಸಲ ಬಿದ್ದಿದ್ದಾಳೆ,
ಒಂದು ಸಲ ಬಿದ್ದಿಲ್ಲವೆಂದು ಸುಳ್ಳು ಹೇಳಿದ್ದಾಳೆ.

ಹಿತೇನ್ ಇಸ್ಪೀಟು ಹಂಚುವವನ ಹಾಗೆ ಹಲಗೆ ಹರಡಿದ.
ಇದು ಹೆರಿಂಗ್‌ಬೋನ್, ಮೀನಿನ ಮುಳ್ಳು.
ಇದು ಶೆವ್ರಾನ್, ತುದಿಗೆ ತುದಿ ಸೇರಿ ಬಾಣ.
ಇದು ಹೊಗೆ ಕುಡಿದ ಓಕ್.
ಇದಕ್ಕೆ ನೋಡಿ, ಕೈಯಿಂದ ಕೆರೆದ ಗೀರು,
ಹುಳು ಕೊರೆದ ಹಾಗೆ ತೂತು,
ಹಳತಾಗಿ ಕಾಣಲು ಚದರಡಿಗೆ ತೊಂಬತ್ತು ಹೆಚ್ಚು.

"ಮುಳ್ಳು ಯಾವುದರದ್ದು, ಮತ್ತಿಯದೋ ಬಂಗುಡೆಯದೋ?"
ಕುರ್ಚಿಯಿಂದಲೇ ಕೇಳಿದಳು ಥ್ರೇಸ್ಯಮ್ಮ.
ಇಪ್ಪತ್ತೆರಡು ವರ್ಷ ಎದುರಿನ ತಟ್ಟೆಯಂಚಿನಲ್ಲಿ ನೋಡಿದ್ದು ಸಾಲದೆ
ಇನ್ನು ಕಾಲಡಿಗೂ ಬೇಕೇ ಅಂದೆ.
ದುಡ್ಡು ಕೊಟ್ಟು ಹಳತಾಗುವುದಂತೂ ತಿಳಿಯಲಿಲ್ಲ,
ನಾವು ಪುಕ್ಕಟೆ ಆದವರು.

ಆಮೇಲೆ ಅವನೊಂದು ತುಂಡನ್ನು ಅಡ್ಡ ಹಿಡಿದ.
ಮೇಲೆ ಮೂರೇ ಮಿಲಿಮೀಟರು ಓಕ್.
ಕೆಳಗೆ ಹೆಸರು ಕೇಳಬಾರದ ಮರಗಳ ಪದರ ಪದರ,
ಒಂದರ ನಾರು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ.
"ಒಂದೇ ದಿಕ್ಕಿನ ಮರ ಮುಂಬಯಿ ಮಳೆಗೆ ಉಬ್ಬುತ್ತೆ ಆಂಟಿ.
ಇದರಲ್ಲಿ ಒಂದು ಎಳೆದರೆ ಇನ್ನೊಂದು ಬಿಡೋದಿಲ್ಲ."
ನಾನು ಥ್ರೇಸ್ಯಮ್ಮನತ್ತ ನೋಡಲಿಲ್ಲ.
ಅವಳು ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

ಚರ್ಮ ಓಕಿನದು, ಮೈ ಪ್ಲೈವುಡ್ಡಿನದು, ಮೋಸವಲ್ಲವೇ
ಎಂದು ನಾಲಗೆ ತುದಿಗೆ ಬಂತು.
ಅಷ್ಟರಲ್ಲಿ ನೆನಪಾಯಿತು ಸುಟ್ಟಗಾಯದ ವಾರ್ಡು:
ತೊಡೆಯಿಂದ ಎತ್ತಿದ ಈರುಳ್ಳಿ ಸಿಪ್ಪೆಯಷ್ಟು ತೆಳು ಪದರ
ಹುಡುಗಿಯೊಬ್ಬಳ ಕತ್ತಿಗೆ ಕೂತು
ಐದನೆಯ ದಿನ ಪಟ್ಟಿ ಬಿಚ್ಚಿದಾಗ
ನಸುಗೆಂಪಾಗಿ ಹಿಡಿದಿತ್ತು.
ಅದು ಅವಳದಲ್ಲ ಅಂದವರುಂಟೇ?

ಅವಳಿಗೆ ವಾಲ್ನಟ್ ಬೇಕು, ಇಗರ್ಜಿಯ ಬೆಂಚಿನ ಕಪ್ಪು.
ನನಗೆ ಜೋಳದ ರೊಟ್ಟಿಯ ಬಣ್ಣದ್ದು,
ಬ್ರಶ್ಶಿನಲ್ಲಿ ಉಜ್ಜಿ ನಾರು ಎಬ್ಬಿಸಿದ್ದು, ಮಿರುಗದ್ದು.
ಏಳು ಅಂದೆ. ಕೈ ಹಿಡಿದೆ.
ರೋಗಿಯನ್ನು ಮೊದಲ ಸಲ ನಡೆಸುವಂತೆ ನಡೆಸಿದೆ,
ಅವಳ ಹಲಗೆಯ ಮೇಲೊಮ್ಮೆ, ನನ್ನದರ ಮೇಲೊಮ್ಮೆ.
ಅವಳದರ ಮೇಲೆ ಕೋಲಿನ ತುದಿ ಒಂದಿಷ್ಟೇ, ಒಂದಿಷ್ಟೇ ಜಾರಿತು.
"ರೊಟ್ಟಿಯೇ ಆಗಲಿ" ಅಂದಳು, ಮಲಯಾಳದಲ್ಲಿ ಬೈದು.

ರಾಮ್‌ಸುಜಾನ್ ವಿಶ್ವಕರ್ಮ ನಾಲ್ಕು ದಿನ ಬಡಿದ.
ಗೋಡೆಗುಂಟ ಬೆರಳಗಲ ಸಂದು ಬಿಟ್ಟ.
ಇದೇನು ಕಳ್ಳತನ ಅಂದರೆ, "ಉಸಿರಾಡೋಕೆ ಸಿಸ್ಟರ್.
ಗೋಡೆಗೆ ಒತ್ತಿ ಕೂಡಿಸಿದರೆ ನಡುವೆ ಎದ್ದು ಕೂರುತ್ತೆ."
ಆಮೇಲೆ ಪಟ್ಟಿ ಹೊಡೆದು ಮುಚ್ಚಿದ.
ಆ ಸಂದು ಎಲ್ಲಿದೆ ಎಂಬುದು ನಮ್ಮಿಬ್ಬರಿಗೇ ಗೊತ್ತು.

ಈಗಲೂ ಎರಡು ಗಂಟೆಗೆ ಎಚ್ಚರವಾಗುತ್ತದೆ,
ರೌಂಡ್ಸಿನ ಹೊತ್ತು.
ಬರಿಗಾಲಲ್ಲಿ ಅವಳ ಬಾಗಿಲವರೆಗೆ ಹೋಗಿ
ಗೊರಕೆ ಎಣಿಸಿ ವಾಪಸು ಬರುತ್ತೇನೆ.
ಕಾಲಿಗೆ ಚಳಿ ಇಲ್ಲ.

ಮಾದರಿ ತುಂಡುಗಳನ್ನು ಹಿತೇನನಿಗೆ ಹಿಂತಿರುಗಿಸಲಿಲ್ಲ.
ಮೀನಿನ ಮುಳ್ಳಿನ ಮೇಲೆ ಅವಳ ಮೀನುಸಾರಿನ ಮಡಕೆ ಕೂರುತ್ತದೆ.
ಅಂಗೈಯಗಲದ ವಾಲ್ನಟ್ ಅವಳ ತಲೆದೆಸೆಗಿದೆ,
ಮೇಲೊಂದು ಮೊಂಬತ್ತಿ.
ಒರೆಸುವಾಗ ನಾನು ಮುಟ್ಟಿದರೆ ಗದರುತ್ತಾಳೆ:
ಚಪ್ಪಲಿ ಬಿಟ್ಟು ಬಾ.