ಹಿಂಬಡ್ತಿ

ಸೇನೆಯಲ್ಲಿ ಸಾರ್ಜೆಂಟನಿಗೆ ಹಿಂಬಡ್ತಿ ಆಗುವುದುಂಟು,
ಕುಡಿದು ಬಂದ ದೋಣಿಯ ಮೇಟಿಗೂ.
ಮನೆಗೂ ಆಗುತ್ತದೆಂದು ಗೊತ್ತಿರಲಿಲ್ಲ.
ಅದೇ ಬಾಗಿಲು, ಅದೇ ಹದಿನೇಳನೆಯ ನಂಬರು,
ಸೋಮವಾರ ಸೋಮವಾರ ಅದೇ ಬಾಡಿಗೆ.
ಕಾಗದದಲ್ಲಿ ಮಾತ್ರ
ಮನೆ ಒಂದು ಮೆಟ್ಟಿಲು ಕೆಳಗಿಳಿದಿದೆ.

ಗ್ರಿಮ್ಸ್‌ಬಿಯ ಈ ಇಟ್ಟಿಗೆ ಕಟ್ಟಡದಲ್ಲಿ
ನಾನು ಕೆಳಗೆ, ಶೀನಾ ಹಾಲ್ರಾಯ್ಡ್ ಮೇಲೆ.
ನಡುವೆ ಒಂದು ಗೇಣು ಕಾಂಕ್ರೀಟು,
ನನಗದು ಸೂರು, ಅವಳಿಗೆ ನೆಲ.
ನಾಲ್ಕಕ್ಕೆದ್ದು ಬಂದರಿನ ಮೀನು ಹರಾಜಿಗೆ
ಹೋಗಬೇಕಾದವನು ನಾನು.
ಕೌನ್ಸಿಲ್ಲಿನವರು ಗೆರೆ ಹಾಕಿದ ಪುಸ್ತಕ ಕೊಟ್ಟರು:
ತಾರೀಖು, ಗಂಟೆ, ಏನು ಕೇಳಿಸಿತು, ನಿಮಗೇನಾಯಿತು.

ಜನವರಿ ಒಂಬತ್ತು, ಎರಡು ನಲವತ್ತು. ಸಂಗೀತ. ಗೋಡೆ ನಡುಗಿತು.
ಹನ್ನೊಂದು. ಅವಳ ಮಗ ರೀಸ್, ಜೊತೆಗೆ ಮೂವರು,
ಮೋಟಾರ್‌ಬೈಕನ್ನು ಮೆಟ್ಟಿಲ ಮೇಲೆ ಎಳೆದರು.
ಹದಿನಾಲ್ಕು. ಮಿಸೆಸ್ ಪೊಸ್ಕಿಟ್ ಕಿಟಕಿಗೆ ಬಾಟಲಿ.
ನಿಮಗೇನಾಯಿತು ಎಂಬ ಕಡೆ:
ನಿದ್ದೆ ಇಲ್ಲ. ನಿದ್ದೆ ಇಲ್ಲ. ಮೇಲಿನಂತೆಯೇ.

ಸುಳ್ಳು ಒಂದಕ್ಷರ ಬರೆದಿಲ್ಲ.
ಪೊಸ್ಕಿಟ್ ಇವತ್ತಿಗೂ ಆ ಕಿಟಕಿಗೆ
ಬೆನ್ನು ಕೊಟ್ಟು ಕೂರುವುದಿಲ್ಲ.

ಕೋರ್ಟಿನಲ್ಲಿ ಹನ್ನೊಂದು ನಿಮಿಷ.
ನನ್ನ ಪುಸ್ತಕದ ನಕಲು ಎಲ್ಲರ ಕೈಯಲ್ಲಿ,
ನನ್ನ ಕಾಗುಣಿತದ ತಪ್ಪುಗಳೂ ಸಮೇತ.
ಹತ್ತೊಂಬತ್ತು ವರ್ಷದ ಭದ್ರ ಬಾಡಿಗೆದಾರಳು
ಇನ್ನೊಂದು ವರ್ಷ ಭದ್ರಳಲ್ಲ.
ಮನೆ ಕೊಳ್ಳುವ ಹಕ್ಕು ಕಪಾಟಿನೊಳಗೆ,
ಬೇರೆಯವರೊಡನೆ ಬದಲಿಸಿಕೊಳ್ಳುವ ಹಕ್ಕೂ ಅಲ್ಲೇ.
ಮತ್ತೊಂದು ದೂರು ಬಂದರೆ
ಹೊರಗೆ ಹಾಕುವುದು ಸರಿಯೇ ಎಂದು
ನ್ಯಾಯಾಧೀಶರು ಕೇಳಬೇಕಿಲ್ಲ,
ಕಾಗದ ಕ್ರಮವಾಗಿದೆಯೇ ಎಂದು ನೋಡಿದರೆ ಸಾಕು.
ಶೀನಾ ತಲೆಯಾಡಿಸಿದಳು.
ಹುಡುಗ ತನ್ನ ಶೂ ನೋಡುತ್ತಿದ್ದ.

ಅಂದಿನಿಂದ ಮೇಲೆ ಯಾರೂ ಇಲ್ಲದ ಹಾಗೆ.
ಕುರ್ಚಿಯ ಕಾಲುಗಳಿಗೆ ಕಾಲುಚೀಲ ತೊಡಿಸಿದ್ದಾಳಂತೆ,
ಪೊಸ್ಕಿಟ್ ಹೇಳಿದಳು.
ಕೆಟಲ್ ಕೂಗುವ ಮುಂಚೆ ಎತ್ತಿಬಿಡುತ್ತಾಳೆ.
ನಲ್ಲಿ ಬಿಡುವುದೂ ನೂಲಿನ ಎಳೆಯ ಹಾಗೆ.
ರೀಸ್ ಸ್ಕನ್‌ಥಾರ್ಪ್‌ಗೆ ಹೋದ, ಚಿಕ್ಕಮ್ಮನ ಬಳಿಗೆ.
ಮಗ ಹೋದರೂ ಹಿಂಬಡ್ತಿ ಹೋಗಲಿಲ್ಲ,
ಅದು ಅವಳ ಹೆಸರಿಗಿದೆ.
ಒಮ್ಮೆ ಸೀನಿದಳು.
ಅರ್ಧ ಸೀನು. ಉಳಿದರ್ಧ ದಿಂಬಿಗೆ.

ಹೊರಗೆ ಕಡಲಕ್ಕಿಗಳು
ಕಸದ ತೊಟ್ಟಿಯ ಮೇಲೆ ಕಚ್ಚಾಡುತ್ತವೆ,
ಅವಕ್ಕೆ ಯಾವ ನೋಟೀಸೂ ಇಲ್ಲ.
ನಾನು ಕೇಳಿದ್ದು ನಿದ್ದೆ.
ಈಗ ಎರಡು ನಲವತ್ತಕ್ಕೆ ತಾನಾಗಿ ಎಚ್ಚರ,
ಕಿವಿ ಹೋಗಿ ಸೂರಿಗೆ ಅಂಟಿಕೊಳ್ಳುತ್ತದೆ,
ಉಸಿರಾಡುತ್ತಿದ್ದಾಳೋ ಇಲ್ಲವೋ.
ನೆರೆಹೊರೆ ಅನ್ನುವಾಗ
ಹೊರೆಯನ್ನು ಇಷ್ಟು ದಿನ ಮೇಲಿಂದ ಮೇಲೆ ಆಡಿದ್ದೆ,
ತೂಗಿ ನೋಡಿರಲಿಲ್ಲ.

ಪುಸ್ತಕದಲ್ಲಿ ಇನ್ನೂ ಹದಿನಾಲ್ಕು ಹಾಳೆ ಖಾಲಿ.
ಬ್ರೆಡ್ಡಿನ ಡಬ್ಬದ ಹಿಂದೆ ಇಟ್ಟಿದ್ದೇನೆ.
ಎಸೆಯಬಹುದಿತ್ತು.

ಕಳೆದ ಗುರುವಾರ ಕತ್ತಲಲ್ಲಿ
ನೀರಿಗೆಂದು ಎದ್ದವನು ಬಾಣಲೆ ಕೆಡವಿದೆ.
ಕಬ್ಬಿಣದ್ದು, ಅಪ್ಪನ ಕಾಲದ್ದು.
ಅದು ನೆಲದ ಮೇಲೆ ಗಿರಗಿರ ಸುತ್ತಿ,
ತನಗೆ ಬೇಕಾದಷ್ಟು ಹೊತ್ತು ಸದ್ದು ಮಾಡಿ,
ತನ್ನ ಪಾಡಿಗೆ ತಾನು ನಿಂತಿತು.
ನಾನು ನೀರು ಕುಡಿದು ಮಲಗಿದೆ.

ಬೆಳಿಗ್ಗೆ ಹರಾಜಿನಿಂದ ಬಂದು
ಬೂಟು ಬಿಚ್ಚುತ್ತಿರುವಾಗ ಯಾರೋ ತಟ್ಟಿದರು,
ಬೆರಳ ತುದಿಯಲ್ಲಿ, ಬಾಗಿಲಿಗೆ ನೋವಾಗದಂತೆ.
ಶೀನಾ. ಕೈಯಲ್ಲಿ ಒಂದು ಪ್ಯಾಕೆಟ್ ಬಿಸ್ಕತ್ತು.
‘ನಿನ್ನೆ ರಾತ್ರಿ ಸದ್ದಾಯಿತಲ್ಲ, ಕ್ಷಮಿಸಿ.
ಏನು ಬಿತ್ತೋ ತಿಳಿಯಲಿಲ್ಲ,
ಎಲ್ಲ ಕೋಣೆಗಳಲ್ಲೂ ಹುಡುಕಿದೆ.
ಇನ್ನು ಆಗುವುದಿಲ್ಲ.
ಬರೆದುಬಿಟ್ಟಿರಾ?’

ಬಾಣಲೆ ಒಲೆಯ ಮೇಲಿತ್ತು,
ಅವಳು ಕತ್ತು ಚಾಚಿದರೆ ಕಾಣುವಷ್ಟು ಹತ್ತಿರ.

ಇಲ್ಲ, ಪರವಾಗಿಲ್ಲ, ಅಂದೆ.
ಬಿಸ್ಕತ್ತು ಇಸಿದುಕೊಂಡೆ.